ಅಲ್ಪಮತದವನು ಮಾತು ಬಿಡುವ ಹಾಗಿಲ್ಲ

ಎಲ್ಲರಿಗೂ ನಮಸ್ಕಾರ. ಎಡಿನ್‌ಬರೋದ ಲೀತ್‌ನಿಂದ ಮಾತಾಡುತ್ತಿದ್ದೇನೆ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ, ಸ್ಕ್ರಿಪ್ಟೂ ಬರೆದಾಗಿತ್ತು. ಆದರೆ ನಿನ್ನೆ ರಾತ್ರಿ ಊಟ ಮುಗಿಸಿ ಕಾಮೆಂಟ್ ನೋಡುತ್ತಾ ಕೂತೆ. ಗ್ಲಾಸ್ಗೋದಲ್ಲಿರುವ ನಮ್ಮ ಕನ್ನಡದವರೇ ಒಬ್ಬರು, ಹಳೆ ಕೇಳುಗರು, ಹೀಗೆ ಬರೆದಿದ್ದಾರೆ: ‘ಅಣ್ಣಾ, ಅಲ್ಪಮತದ ಸರ್ಕಾರ ಅಂದರೆ ನಾಯಕನಿಗೆ ದಮ್ಮಿಲ್ಲ ಅಂತ ಅರ್ಥ. ದಮ್ಮಿದ್ದವನು ಯಾರ ಹಂಗಿಗೂ ಬೀಳಲ್ಲ. ಹಮ್ಜಾ ಯೂಸಫ್ ಒಬ್ಬನೇ ಗಂಡು, ಗ್ರೀನ್ಸ್‌ನವರನ್ನು ಹೊರಗೆ ಹಾಕಿದ.’ ಅದಕ್ಕೆ ನಲವತ್ತು ಲೈಕ್!

ಯೂಸಫ್ ಆಗ ಸ್ಕಾಟ್‌ಲೆಂಡ್‌ನ ಫಸ್ಟ್ ಮಿನಿಸ್ಟರ್, ನಮ್ಮ ಕಡೆ ಮುಖ್ಯಮಂತ್ರಿ ಇದ್ದ ಹಾಗೆ. ಗ್ರೀನ್ಸ್ ಅವರ ಸರ್ಕಾರಕ್ಕೆ ಬಹುಮತ ತುಂಬಿಕೊಟ್ಟಿದ್ದ ಚಿಕ್ಕ ಪಕ್ಷ. ಹೊರಗೆ ಹಾಕಿದರು, ನಿಜ. ನಾಲ್ಕನೇ ದಿನಕ್ಕೆ ತಾವೇ ಹೊರಗೆ ಬಂದರು. 2024ರ ಏಪ್ರಿಲ್ 25ಕ್ಕೆ ಗ್ರೀನ್ಸ್ ಜೊತೆ ಒಪ್ಪಂದ ಮುರಿದರು, 29ಕ್ಕೆ ರಾಜೀನಾಮೆ ಘೋಷಿಸಿದರು. ಇದಕ್ಕೆ ದಮ್ಮು ಅಂತ ಹೆಸರಿಟ್ಟರೆ ನನಗೆ ನಿದ್ದೆ ಬರಲ್ಲ. ನಿಜವಾಗಲೂ ಬರಲಿಲ್ಲ. ಬೆಳಗಿನ ಜಾವ ಎದ್ದು ಇದನ್ನು ಬರೆದೆ.

ನಾನು ಹೇಳಬೇಕಾದ್ದು ಒಂದೇ ಮಾತು. ಅಲ್ಪಮತದ ನಾಯಕ ಯಾರ ಜೊತೆಯೂ ಮಾತು ಬಿಡುವ ಹಾಗಿಲ್ಲ. ಜಗಳ ಆಡಲಿ, ಸದನದಲ್ಲಿ ಬೈದಾಡಲಿ, ಮಸೂದೆ ಸೋಲಿಸಲಿ. ಆದರೆ ಮಾತು ಬಿಡಬಾರದು. ಒಂದು ವಠಾರದಲ್ಲಿ ಇದ್ದವರಿಗೆ ಇದು ಗೊತ್ತು. ನಲ್ಲಿ ಒಂದೇ ಇದ್ದಾಗ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟು ಎಷ್ಟು ದಿನ ಇರುತ್ತೀರಿ?

ಈಗ ಆ ಸದನದ ಲೆಕ್ಕ ಹೇಳುತ್ತೇನೆ. ಹೋಲಿರೂಡ್, ಅಂದರೆ ಸ್ಕಾಟ್‌ಲೆಂಡ್ ಸಂಸತ್ತಿನಲ್ಲಿ 129 ಸೀಟು. ಬಹುಮತಕ್ಕೆ 65. ನಮ್ಮ ಕೈಗೆ ಎರಡು ಬ್ಯಾಲೆಟ್ ಕೊಡುತ್ತಾರೆ. ಒಂದರಲ್ಲಿ ಕ್ಷೇತ್ರದ ಅಭ್ಯರ್ಥಿ, ಹೀಗೆ 73 ಜನ ಬರುತ್ತಾರೆ. ಇನ್ನೊಂದರಲ್ಲಿ ಪಕ್ಷ. ಕ್ಷೇತ್ರಗಳಲ್ಲಿ ಕಮ್ಮಿ ಗೆದ್ದ ಪಕ್ಷಕ್ಕೆ ಈ ಎರಡನೇ ಓಟಿನಿಂದ ಸೀಟು ತುಂಬಿಕೊಡುತ್ತಾರೆ, ಅವು 56. ಅಂದರೆ ಒಂದೇ ಪಕ್ಷ ಎಲ್ಲ ಬಾಚಿಕೊಳ್ಳುವುದು ಕಷ್ಟ. 1999ರಿಂದ 2021ರವರೆಗೆ ಆರು ಚುನಾವಣೆ ನಡೆದವು. ಒಂದೇ ಪಕ್ಷಕ್ಕೆ ಬಹುಮತ ಬಂದಿದ್ದು ಒಂದೇ ಸಲ, 2011ರಲ್ಲಿ ಎಸ್‌ಎನ್‌ಪಿಗೆ, ಅಂದರೆ ಯೂಸಫ್ ಅವರ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ, 69 ಸೀಟು. ಆರರಲ್ಲಿ ಒಂದು! ಇಂಥ ಕಡೆ ಅಲ್ಪಮತ ಅನ್ನುವುದು ಅಪಘಾತ ಅಲ್ಲ, ಅದೇ ಇಲ್ಲಿನ ಹವಾಮಾನ. ಸ್ಕಾಟ್‌ಲೆಂಡ್‌ಗೆ ಬಂದು ಮಳೆ ಬರಬಾರದು ಅಂದರೆ ಹೇಗೆ?

ಈಗ ಯೂಸಫ್ ಕಥೆಗೆ ಬರೋಣ. ಅವರಿಗಿಂತ ಮುಂಚೆ ಫಸ್ಟ್ ಮಿನಿಸ್ಟರ್ ಆಗಿದ್ದ ನಿಕೋಲಾ ಸ್ಟರ್ಜನ್ 2023ರ ಫೆಬ್ರವರಿಯಲ್ಲಿ ಇಳಿಯುತ್ತೇನೆ ಅಂದರು. ಪಕ್ಷದ ಸದಸ್ಯರು ಓಟು ಹಾಕಿ ಹೊಸ ನಾಯಕನನ್ನು ಆರಿಸಿದರು. ಮೂರು ಜನ ನಿಂತಿದ್ದರು: ಹಮ್ಜಾ ಯೂಸಫ್, ಕೇಟ್ ಫೋರ್ಬ್ಸ್, ಆಶ್ ರೀಗನ್. ಕೊನೆ ಸುತ್ತಿನಲ್ಲಿ ಯೂಸಫ್‌ಗೆ 26,032 ಓಟು, ಶೇಕಡಾ 52. ಫೋರ್ಬ್ಸ್‌ಗೆ ಶೇಕಡಾ 48. ಪಕ್ಷ ಹೆಚ್ಚುಕಮ್ಮಿ ಅರ್ಧಕ್ಕರ್ಧ ಸೀಳಿತ್ತು.

ಗೆದ್ದ ಮೇಲೆ ಏನು ಮಾಡಬೇಕು? ಸೋತವರ ಮನೆಗೆ ಮೊದಲು ಹೋಗಬೇಕು. ಫೋರ್ಬ್ಸ್ ಹಣಕಾಸು ಖಾತೆ ನೋಡಿಕೊಂಡಿದ್ದವರು. ಅವರಿಗೆ ಅದಕ್ಕಿಂತ ಚಿಕ್ಕ ಖಾತೆ ಕೊಡಲು ಹೋದರು. ಅವರು ಬೇಡ ಅಂದು ಹಿಂದಿನ ಬೆಂಚಿಗೆ ಹೋಗಿ ಕೂತರು. ರೀಗನ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಪಕ್ಷವನ್ನೇ ಬಿಟ್ಟು ಆಲ್ಬಾ ಪಕ್ಷಕ್ಕೆ ಹೋದರು. (ಇಲ್ಲಿ ನಮ್ಮ ಹಾಗೆ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ಪಕ್ಷ ಬಿಟ್ಟರೂ ಸೀಟು ಉಳಿಯುತ್ತದೆ. ರೆಸಾರ್ಟ್ ಬೇಕಾಗಿಲ್ಲ.) ಆಗ ಯೂಸಫ್ ಏನಂದರು? ಅವರು ಹೋದದ್ದು ಪಕ್ಷಕ್ಕೇನೂ ದೊಡ್ಡ ನಷ್ಟ ಅಲ್ಲ ಎಂಬರ್ಥದ ಮಾತಾಡಿದರು.

ಆ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಆರು ತಿಂಗಳು ಕಳೆಯಿತು. 2024ರ ಏಪ್ರಿಲ್ 18ಕ್ಕೆ ಸರ್ಕಾರ ತನ್ನ 2030ರ ಹವಾಮಾನ ಗುರಿಯನ್ನು ಕೈಬಿಟ್ಟಿತು. ಗ್ರೀನ್ಸ್ ಕಾರ್ಯಕರ್ತರು ಸಿಟ್ಟಾದರು. ಎಸ್‌ಎನ್‌ಪಿ ಜೊತೆಗಿನ ಬ್ಯೂಟ್ ಹೌಸ್ ಒಪ್ಪಂದ (ಬ್ಯೂಟ್ ಹೌಸ್ ಅಂದರೆ ಫಸ್ಟ್ ಮಿನಿಸ್ಟರ್ ಅವರ ಸರ್ಕಾರಿ ಮನೆ) ಇಟ್ಟುಕೊಳ್ಳಬೇಕೋ ಬೇಡವೋ ಅಂತ ಸದಸ್ಯರ ಓಟು ತೆಗೆದುಕೊಳ್ಳಲು ಹೊರಟರು. ಆ ಓಟು ನಡೆಯುವುದಕ್ಕೆ ಮುಂಚೆಯೇ, 25ರ ಬೆಳಗ್ಗೆ, ಯೂಸಫ್ ಅವರು ಗ್ರೀನ್ಸ್ ನಾಯಕರಾದ ಪ್ಯಾಟ್ರಿಕ್ ಹಾರ್ವಿ ಮತ್ತು ಲೋರ್ನಾ ಸ್ಲೇಟರ್ ಅವರನ್ನು ಬ್ಯೂಟ್ ಹೌಸ್‌ಗೆ ಕರೆದು ಮುಗಿಯಿತು ಅಂದುಬಿಟ್ಟರು. ಇಬ್ಬರೂ ಎರಡೂವರೆ ವರ್ಷಕ್ಕೂ ಜಾಸ್ತಿ ಮಂತ್ರಿಗಳಾಗಿ ಜೊತೆಗಿದ್ದವರು. ಅವರನ್ನು ಕಳಿಸಿದ ರೀತಿ ನೋಡಿ!

ಅದೇ ದಿನ ಕನ್ಸರ್ವೇಟಿವ್‌ಗಳು ಯೂಸಫ್ ಮೇಲೆ ಅವಿಶ್ವಾಸ ತಂದರು. ಗ್ರೀನ್ಸ್ ನಾವೂ ಅದಕ್ಕೇ ಓಟು ಹಾಕುತ್ತೇವೆ ಅಂದರು. ಈಗ ಪೆನ್ನು ತೆಗೆದುಕೊಂಡು ಕೂಡಿಸಿ. ಕನ್ಸರ್ವೇಟಿವ್ 31, ಲೇಬರ್ 22, ಗ್ರೀನ್ಸ್ 7, ಲಿಬರಲ್ ಡೆಮಾಕ್ರಾಟ್ 4. ಒಟ್ಟು 64. ಎಸ್‌ಎನ್‌ಪಿ ಹತ್ತಿರ 63. ಸ್ಪೀಕರ್ ಓಟು ಹಾಕುವುದು ಸಮಸಮ ಆದಾಗ ಮಾತ್ರ. ಇನ್ನು ಉಳಿದದ್ದು ಯಾರು?

ಆಶ್ ರೀಗನ್.

ದೊಡ್ಡ ನಷ್ಟ ಅಲ್ಲ ಅಂದಿದ್ದರಲ್ಲ, ಅದೇ ರೀಗನ್. ಅವರು ಈ ಕಡೆ ಬಂದರೆ 64–64. ಸಮಸಮ ಆದಾಗ ಸ್ಪೀಕರ್ ಇದ್ದದ್ದು ಇದ್ದ ಹಾಗೇ ಇರಲಿ ಅಂತ ಓಟು ಹಾಕುವುದು ಪದ್ಧತಿ, ಯೂಸಫ್ ಉಳಿಯುತ್ತಾರೆ. ಆ ಕಡೆ ಹೋದರೆ ಮುಗಿಯಿತು. ಯೂಸಫ್ ಎಲ್ಲ ಪಕ್ಷದ ನಾಯಕರಿಗೂ ಕಾಗದ ಬರೆದರು, ಬನ್ನಿ ಮಾತಾಡೋಣ ಅಂತ. ಕಾಗದ! ಫೋನ್ ಎತ್ತಿ ‘ಹೇಗಿದ್ದೀರಿ’ ಅನ್ನುವ ಸಲುಗೆ ಉಳಿದಿರಲಿಲ್ಲ. 26,032 ಜನ ಮೇಲೆ ಕೂರಿಸಿದರು, ಒಂದು ಓಟು ಕೈಗೆ ಸಿಗದೆ ಇಳಿಯಬೇಕಾಯಿತು. ರಾಜೀನಾಮೆ ಭಾಷಣದಲ್ಲಿ ಅವರೇ ಒಪ್ಪಿಕೊಂಡರು: ಗ್ರೀನ್ಸ್ ಗೆಳೆಯರಿಗೆ ಎಷ್ಟು ನೋವಾಗುತ್ತದೆ ಅನ್ನುವುದನ್ನು ನಾನು ಅಂದಾಜು ಮಾಡಲಿಲ್ಲ, ಅಲ್ಪಮತದ ಸರ್ಕಾರ ನಡೆಯಬೇಕಾದರೆ ವಿರೋಧ ಪಕ್ಷದ ಜೊತೆ ನಂಬಿಕೆ ಬೇಕು ಅಂತ. ಅವರು ಒಳ್ಳೆಯ ಮನುಷ್ಯ. ಅಂಥ ಹೊತ್ತಿನಲ್ಲಿ ಅಷ್ಟು ಹೇಳುವುದು ಸುಲಭ ಅಲ್ಲ. ಆದರೆ ಅವರೇ ಒಪ್ಪಿಕೊಂಡದ್ದನ್ನು ಗ್ಲಾಸ್ಗೋದ ನಮ್ಮ ತಮ್ಮ ಒಪ್ಪುತ್ತಿಲ್ಲವಲ್ಲ!

ಇನ್ನೂ ಮುಖ್ಯವಾದದ್ದು ಇದೆ. ಲೇಬರ್ ಪಕ್ಷ ಇನ್ನೊಂದು ಅವಿಶ್ವಾಸ ತಂದಿತ್ತು, ಇಡೀ ಸರ್ಕಾರದ ಮೇಲೆ. ಅದು ಗೆದ್ದರೆ ಕಾನೂನಿನ ಪ್ರಕಾರ ಮಂತ್ರಿಗಳೆಲ್ಲ ಹೋಗಬೇಕು, 28 ದಿನದೊಳಗೆ ಸದನ ಹೊಸ ಫಸ್ಟ್ ಮಿನಿಸ್ಟರ್‌ನನ್ನು ಆರಿಸಬೇಕು, ಇಲ್ಲದಿದ್ದರೆ ಚುನಾವಣೆ. ಮೇ 1ಕ್ಕೆ ಓಟು ಆಯಿತು. 58–70, ಬಿದ್ದುಹೋಯಿತು. ಯಾಕೆ ಹೇಳಿ? ಗ್ರೀನ್ಸ್ ಸರ್ಕಾರದ ಪರ ನಿಂತರು. ಅವರ ಸಿಟ್ಟು ಸರ್ಕಾರದ ಮೇಲೆ ಇರಲಿಲ್ಲ. ಮಾತು ಬಿಟ್ಟ ಒಬ್ಬ ನಾಯಕನ ಮೇಲೆ ಇತ್ತು. ಮಾತು ಬಿಡಬಾರದು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ನಿಮಗೆ?

ಸ್ವಲ್ಪ ನೀರು ಕುಡಿಯುತ್ತೇನೆ. ಅಷ್ಟರಲ್ಲಿ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿಬಿಡಿ. ಈ ರಾಜಕೀಯವನ್ನು ಕನ್ನಡದಲ್ಲಿ ಕೂತು ಬಿಡಿಸಿ ಹೇಳುವವರು ಕಮ್ಮಿ. ಇಲ್ಲಿರುವ ನಮ್ಮವರಿಗೆ ಹೋಲಿರೂಡ್ ಚುನಾವಣೆಯಲ್ಲಿ ಓಟಿದೆ, ಇಂಡಿಯಾ ಪಾಸ್‌ಪೋರ್ಟ್ ಇದ್ದರೂ ಇದೆ. ಎಷ್ಟೋ ಜನಕ್ಕೆ ಅದೇ ಗೊತ್ತಿಲ್ಲ. ಒಬ್ಬರಿಗಾದರೂ ಶೇರ್ ಮಾಡಿ.

ಸರಿ. ‘ಹಂಗು’ ಅಂದರಲ್ಲ, ಅದಕ್ಕೆ ಬರೋಣ. 2007ರಲ್ಲಿ ಎಸ್‌ಎನ್‌ಪಿಯ ಅಲೆಕ್ಸ್ ಸಾಮಂಡ್ ಹತ್ತಿರ ಇದ್ದದ್ದು 47 ಸೀಟು. 129ರಲ್ಲಿ 47! ಲೇಬರ್‌ಗಿಂತ ಒಂದೇ ಒಂದು ಜಾಸ್ತಿ. ಸದನದಲ್ಲಿ 49–46ರಲ್ಲಿ ಆಯ್ಕೆಯಾಗಿ ನಾಲ್ಕು ವರ್ಷ ಪೂರ್ತಿ ಆಳಿದರು. ಹೇಗೆ? ಬಜೆಟ್ ಬಂದಾಗ ಆನಬೆಲ್ ಗೋಲ್ಡಿ ಅವರ ಕನ್ಸರ್ವೇಟಿವ್‌ಗಳ ಜೊತೆ ಕೂತರು. ಸ್ವಾತಂತ್ರ್ಯ ಬೇಕು ಅನ್ನುವ ಪಕ್ಷ, ಸ್ವಾತಂತ್ರ್ಯದ ಮಾತೇ ಬೇಡ ಅನ್ನುವ ಪಕ್ಷದ ಜೊತೆ. ಅವರು ಪೊಲೀಸರನ್ನು ಜಾಸ್ತಿ ಮಾಡಿ, ಸಣ್ಣ ಅಂಗಡಿಯವರ ತೆರಿಗೆ ಇಳಿಸಿ ಅಂದರು. ಇವರು ಸರಿ ಅಂದರು. ಇದರಲ್ಲಿ ಯಾರ ಮಾನ ಹೋಯಿತು?

2009ರ ಜನವರಿ 28ಕ್ಕೆ ಎಡವಿದರು, ಅದನ್ನೂ ಹೇಳುತ್ತೇನೆ. ಇಬ್ಬರೇ ಇದ್ದ ಗ್ರೀನ್ಸ್, ಮನೆಗಳಿಗೆ ಚಳಿ ತಡೆಯುವ ಹೊದಿಕೆ ಹಾಕುವ ಯೋಜನೆಗೆ ಕೊಟ್ಟ ಹಣ ಸಾಲದು ಅಂದರು. ಚೌಕಾಸಿ ಕೊನೆ ಗಳಿಗೆವರೆಗೂ ನಡೆದು ಮುರಿದುಬಿತ್ತು. 64–64. ಸ್ಪೀಕರ್ ಓಟಿನಿಂದ ಬಜೆಟ್ ಬಿತ್ತು. ಹಣಕಾಸು ಮಂತ್ರಿ ಆಗಿದ್ದವರು ಜಾನ್ ಸ್ವಿನ್ನಿ. ಬಾಗಿಲು ಹಾಕಿಕೊಂಡು ಕೂತರಾ? ಇಲ್ಲ. ಒಂದು ವಾರದಲ್ಲಿ ಲೇಬರ್, ಲಿಬರಲ್ ಡೆಮಾಕ್ರಾಟ್ ಎಲ್ಲರ ಹತ್ತಿರವೂ ಮಾತಾಡಿ ಮತ್ತೆ ಬಜೆಟ್ ತಂದರು. 123–2ರಲ್ಲಿ ಪಾಸಾಯಿತು. ಸಮಸಮದಿಂದ 123ಕ್ಕೆ, ಒಂದೇ ವಾರದಲ್ಲಿ!

ಇದೇ ಸ್ವಿನ್ನಿ 2004ರಲ್ಲಿ ಪಕ್ಷದ ನಾಯಕತ್ವ ಬಿಟ್ಟು ಹೋದವರು. ಆಗ ಚುನಾವಣೆಯಲ್ಲಿ ಪಕ್ಷ ಸೊರಗಿತ್ತು. ಇಪ್ಪತ್ತು ವರ್ಷದ ಮೇಲೆ, 2024ರ ಮೇನಲ್ಲಿ, ಎದುರಾಳಿಯೇ ಇಲ್ಲದೆ ಅದೇ ಪಕ್ಷ ಅವರನ್ನು ವಾಪಸ್ ಕರೆಯಿತು. ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಹಿಂದಿನ ಬೆಂಚಿನಲ್ಲಿದ್ದ ಕೇಟ್ ಫೋರ್ಬ್ಸ್ ಅವರನ್ನು ಉಪ ಫಸ್ಟ್ ಮಿನಿಸ್ಟರ್ ಮಾಡಿದ್ದು. ಮುಂದಿನ ಬಜೆಟ್‌ಗೆ ಲಿಬರಲ್ ಡೆಮಾಕ್ರಾಟರೂ ಗ್ರೀನ್ಸೂ ಕೈ ಎತ್ತಿದರು, ಲೇಬರ್ ತಟಸ್ಥ ಉಳಿಯಿತು. ಯಾವ ಗ್ರೀನ್ಸ್? ಹತ್ತು ತಿಂಗಳ ಹಿಂದೆ ಬೆಳಗ್ಗೆ ಕರೆದು ಮನೆಗೆ ಕಳಿಸಿದ್ದ ಅದೇ ಗ್ರೀನ್ಸ್. ಮಾತು ಮತ್ತೆ ಶುರುವಾಗಿತ್ತು, ಅಷ್ಟೇ.

ಈಗ ಒಬ್ಬರು ಕೇಳುತ್ತಾರೆ, ಏಳು ಜನ ಅರವತ್ತು ಜನರನ್ನು ಆಡಿಸಬಹುದಾ ಅಂತ. ಆಡಿಸುವುದು ಅಂದರೇನು? ಆ ಏಳು ಜನಕ್ಕೂ ಊರವರೇ ಓಟು ಹಾಕಿದ್ದು. ನನ್ನ ಮಗಳಿಗೆ ಹದಿನಾರು ವರ್ಷ. ದಿನಾ ಬೆಳಗ್ಗೆ ಲೀತ್ ವಾಕ್‌ನಲ್ಲಿ ಬಸ್ ಹತ್ತಿ ಯಂಗ್ ಸ್ಕಾಟ್ ಕಾರ್ಡನ್ನು ಮಷೀನ್ ಮೇಲೆ ಇಡುತ್ತಾಳೆ. ಟಿಣ್ ಅನ್ನುತ್ತದೆ, ಒಳಗೆ ಹೋಗುತ್ತಾಳೆ. ಒಂದು ಪೆನ್ನಿ ಇಲ್ಲ. ಆ ಕಾರ್ಡು ಎಲ್ಲಿಂದ ಬಂತು? 2020ರಲ್ಲಿ ಅಲ್ಪಮತದ ಸರ್ಕಾರಕ್ಕೆ ಬಜೆಟ್ ಪಾಸಾಗಬೇಕಿತ್ತು. ಗ್ರೀನ್ಸ್ ಚಿಕ್ಕ ವಯಸ್ಸಿನವರಿಗೆ ಬಸ್ ಉಚಿತ ಮಾಡಿ ಅಂದರು. ಮುಂದಿನ ವರ್ಷ ಅದನ್ನು 22 ವರ್ಷದೊಳಗಿನವರಿಗೆಲ್ಲ ಅಂತ ವಿಸ್ತರಿಸಿದರು. 2022ರ ಜನವರಿ 31ರಿಂದ ಶುರುವಾಯಿತು. ಒಂದು ಪಕ್ಷ ಇನ್ನೊಂದು ಪಕ್ಷದ ಬಾಗಿಲು ತಟ್ಟಿದ್ದರಿಂದ ನನ್ನ ಮಗಳ ಕೈಗೆ ಆ ಕಾರ್ಡು ಬಂತು. ಹಂಗು ಅನ್ನುವವರು ಅವಳ ಮುಂದೆ ಬಂದು ಹೇಳಿ.

‘ಟ್ರಾಮ್ ವಿಷಯ ಯಾಕೆ ಮುಚ್ಚಿಡುತ್ತೀರಿ’ ಅಂತ ಇನ್ನೊಬ್ಬರು ಹಿಂದೆ ಬರೆದಿದ್ದರು. ಮುಚ್ಚಿಟ್ಟಿಲ್ಲ. 2007ರಲ್ಲಿ ಎಸ್‌ಎನ್‌ಪಿ ಎಡಿನ್‌ಬರೋ ಟ್ರಾಮ್ ಬೇಡ ಅಂತು. ವಿರೋಧ ಪಕ್ಷಗಳೆಲ್ಲ ಸೇರಿ ಸದನದಲ್ಲಿ ಸೋಲಿಸಿದವು, ಸರ್ಕಾರ 500 ಮಿಲಿಯನ್ ಪೌಂಡ್ ಕೊಡಬೇಕಾಯಿತು. ಕೊನೆಗೆ 776 ಮಿಲಿಯನ್ ಆಯಿತು, ವರ್ಷಗಟ್ಟಲೆ ತಡವಾಗಿ 2014ಕ್ಕೆ ಓಡಿತು, ಅದೂ ಅರ್ಧ ದಾರಿ. ಅದು ಕಟ್ಟಿಸಿದವರ ತಪ್ಪು, ಓಟು ಹಾಕಿದವರದ್ದಲ್ಲ. 2023ರಲ್ಲಿ ನ್ಯೂಹೇವನ್‌ವರೆಗೂ ಬಂತು. ಈಗ ನಮ್ಮ ಮನೆ ಹತ್ತಿರವೇ ನಿಲ್ಲುತ್ತದೆ. ನಾನು ದಿನಾ ಅದರಲ್ಲೇ ಕೆಲಸಕ್ಕೆ ಹೋಗುತ್ತೇನೆ. ಬೇಡವಾಗಿತ್ತು ಅನ್ನುವವರು ಜನವರಿ ತಿಂಗಳ ಮಳೆಯಲ್ಲಿ ಒಂದು ಸಲ ನಮ್ಮ ಸ್ಟಾಪ್‌ನಲ್ಲಿ ನಿಂತು ನೋಡಿ. ಆಮೇಲೆ ಮಾತಾಡೋಣ.

ಗ್ರೀನ್ಸ್ ಹೇಗೂ ತಾವೇ ಬಿಟ್ಟು ಹೋಗುತ್ತಿದ್ದರು ಅನ್ನುವ ವಾದವೂ ಇದೆ. ಹೋಗಲಿ ಬಿಡಿ! ಹೋಗುವವರನ್ನು ಗೇಟಿನವರೆಗೆ ಹೋಗಿ ಕಳಿಸಿಕೊಡಿ. ಮತ್ತೆ ಬರುವಾಗ ಅದೇ ಗೇಟು ತಾನೇ? ನಮ್ಮಜ್ಜಿ ಜಗಳ ಆಡಿ ಹೊರಟ ನೆಂಟರಿಗೂ ಕುಂಕುಮ ಕೊಟ್ಟೇ ಕಳಿಸುತ್ತಿದ್ದರು. ನೆಂಟರ ವಿಷಯದಲ್ಲಿ ಇದು ಗೊತ್ತಿರುವ ನಮಗೆ, 63 ಸೀಟಿನ ನಾಯಕನ ವಿಷಯದಲ್ಲಿ ಯಾಕೆ ಗೊತ್ತಾಗಲ್ಲ? ಮಾತು ಬಿಡಬಾರದು ಕಣ್ರೀ. ಎಷ್ಟು ಸಲ ಹೇಳಲಿ? ಮಾತು ಬಿಡಬಾರದು!

ಗ್ಲಾಸ್ಗೋದ ತಮ್ಮಾ, ನಿನ್ನ ಕಾಮೆಂಟ್ ಅಳಿಸಿಲ್ಲ, ಅಳಿಸುವುದೂ ಇಲ್ಲ. ಗುರುವಾರ ರಜೆ ಹಾಕಿ ರೈಲು ಹತ್ತಿ ಬಾ. ವೇವರ್ಲಿ ಸ್ಟೇಷನ್‌ಗೆ ನಾನೇ ಬರುತ್ತೇನೆ. ಹೋಲಿರೂಡ್ ಗ್ಯಾಲರಿಗೆ ದುಡ್ಡಿಲ್ಲ, ಮೊದಲೇ ಟಿಕೆಟ್ ಹೇಳಿಡುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಫಸ್ಟ್ ಮಿನಿಸ್ಟರ್ ಪ್ರಶ್ನೋತ್ತರ. ಆ ಕಿರುಚಾಟ ನೋಡಬೇಡ, ಅದು ಟಿವಿಯಲ್ಲೂ ಬರುತ್ತದೆ. ಅದು ಮುಗಿದ ಮೇಲೆ ಐದು ನಿಮಿಷ ಕೂತಿರು. ಅರ್ಧಚಂದ್ರದ ಹಾಗಿರುವ ಆ ಸಭೆಯಲ್ಲಿ ಯಾರು ಎದ್ದು ಯಾರ ಮೇಜಿನ ಹತ್ತಿರ ಹೋಗಿ ಬಗ್ಗಿ ಮಾತಾಡುತ್ತಾರೆ ಅಂತ ನೋಡು. ಅದನ್ನು ನೋಡಿ ಬಂದು ಮತ್ತೆ ಕಾಮೆಂಟ್ ಹಾಕು. ಊಟ ನಮ್ಮ ಮನೆಯಲ್ಲಿ.