ಹೌಸ್ಟನ್ ಬೀದಿಯಲ್ಲಿ ಒಂದು ಪಸ್ಟ್ರಾಮಿ ಸ್ಯಾಂಡ್‌ವಿಚ್

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವುದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಹೌಸ್ಟನ್ ಮತ್ತು ಲಡ್ಲೊ ಬೀದಿಗಳು ಕೂಡುವ ಮೂಲೆಯಲ್ಲಿರುವ ಕಾಟ್ಜ್ ಡೆಲಿಕಟೆಸೆನ್ ಎಂಬ ತಿನಿಸಿನ ಅಂಗಡಿ. ಬೀದಿಯ ಹೆಸರನ್ನು ಟೆಕ್ಸಸ್ಸಿನ ಊರಿನಂತೆ ‘ಹ್ಯೂಸ್ಟನ್’ ಎಂದರೆ ಇಲ್ಲಿನವರು ತಕ್ಷಣ ತಿದ್ದುತ್ತಾರೆ. ಮೊದಲೇ ಹೇಳಿಬಿಡುತ್ತೇನೆ: ಇಂದಿನ ಸಂಚಿಕೆ ಆದ್ಯಂತ ಮಾಂಸದ ಕುರಿತದ್ದು, ಅದರಲ್ಲೂ ದನದ ಮಾಂಸದ ಕುರಿತದ್ದು. ನೋಡಲು ಮನಸ್ಸಿಲ್ಲದವರು ಇಲ್ಲಿಗೇ ನಿಲ್ಲಿಸಿದರೆ ನನಗೆ ಬೇಸರವಿಲ್ಲ.

ಒಳಗೆ ಕಾಲಿಡುತ್ತಿದ್ದಂತೆ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡುತ್ತಾರೆ. ತೆಗೆದುಕೊಂಡದ್ದೆಲ್ಲ ಅದರ ಮೇಲೆ ದಾಖಲಾಗುತ್ತದೆ, ಹೊರಡುವಾಗ ಅದನ್ನು ತೋರಿಸಿ ಹಣ ಕೊಡಬೇಕು, ಕಳೆದುಕೊಂಡರೆ ದಂಡ ತೆರಬೇಕು. 1888ರಲ್ಲಿ ಐಸ್‌ಲ್ಯಾಂಡ್ ಎಂಬ ಸೋದರರು ಆರಂಭಿಸಿದ ಈ ವ್ಯಾಪಾರಕ್ಕೆ 1903ರಲ್ಲಿ ವಿಲ್ಲಿ ಕಾಟ್ಜ್ ಪಾಲುದಾರನಾಗಿ ಸೇರಿದ; 1910ರಲ್ಲಿ ಕಾಟ್ಜ್ ಮನೆತನದವರು ಆ ಸೋದರರ ಪಾಲನ್ನು ಕೊಂಡುಕೊಂಡ ಮೇಲೆ ಇಂದಿನ ಹೆಸರು ಬಂದಿತು. ಗೋಡೆಯ ಮೇಲೆ, ಸೈನ್ಯದಲ್ಲಿರುವ ನಿಮ್ಮ ಹುಡುಗನಿಗೆ ಒಂದು ಸಲಾಮಿ (ಒಣಗಿಸಿದ ಸಾಸೇಜು) ಕಳುಹಿಸಿ ಎಂಬ ಎರಡನೆಯ ಮಹಾಯುದ್ಧದ ಕಾಲದ ಘೋಷಣೆ ಇಂದಿಗೂ ಇದೆ.

ಡೆಲಿಕಟೆಸೆನ್ ಎಂಬುದು ರುಚಿಯಾದ, ಮೇಲ್ದರ್ಜೆಯ ತಿನಿಸುಗಳಿಗೆ ಜರ್ಮನ್ನರು ಇಟ್ಟ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿಗೆ ವಲಸೆ ಬಂದ ಜರ್ಮನ್ನರು ಇಂಥ ಅಂಗಡಿಗಳನ್ನು ತಂದರು. 1880ರ ನಂತರ ಪೂರ್ವ ಯುರೋಪಿನಿಂದ ಲಕ್ಷಾಂತರ ಯಹೂದಿಗಳು ಬಂದು ಅಂಗಡಿಯಿರುವ ಈ ಲೋವರ್ ಈಸ್ಟ್ ಸೈಡ್ ಬಡಾವಣೆಯಲ್ಲಿ ನೆಲೆಸಿದಾಗ, ಅವರ ಧರ್ಮಕ್ಕೆ ನಿಷಿದ್ಧವಾದ ಹಂದಿಮಾಂಸದ ಜಾಗವನ್ನು ದನದ ಮಾಂಸ ತುಂಬಿತು. ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಜೊತೆಗೂಡಿಸಬಾರದೆಂಬ ನಿಯಮದಿಂದಾಗಿ ಬೆಣ್ಣೆ, ಚೀಸ್‌ಗಳಿಗೆ ಸ್ಥಾನವಿರಲಿಲ್ಲ; ಸಾಸಿವೆ, ರೈ ಎಂಬ ಧಾನ್ಯದ ಬ್ರೆಡ್, ಸೌತೆಯ ಉಪ್ಪಿನಕಾಯಿ ಉಳಿದವು. ಕಾಟ್ಜ್ ಇಂದು ಆ ನಿಯಮಗಳನ್ನು ಪಾಲಿಸುವ ಅಂಗಡಿಯಲ್ಲ, ಕೇಳಿದರೆ ಚೀಸ್ ಕೂಡ ಹಾಕಿಕೊಡುತ್ತಾರೆ. ನಾನು ಕೇಳಲಿಲ್ಲ.

ನಾನು ಕಾದದ್ದು ಪಸ್ಟ್ರಾಮಿಗಾಗಿ. ಈ ಹೆಸರಿನ ಬೇರು ಟರ್ಕಿಯ ‘ಪಾಸ್ತಿರ್ಮ’ದಲ್ಲಿದೆ, ಅಂದರೆ ಒತ್ತಿದ್ದು. ಉಪ್ಪು ಹಚ್ಚಿ, ಭಾರವಿಟ್ಟು ನೀರನ್ನೆಲ್ಲ ಹಿಂಡಿ, ಮೆಂತ್ಯ, ಬೆಳ್ಳುಳ್ಳಿ ಮತ್ತು ಮೆಣಸಿನಪುಡಿಯ ಲೇಪವನ್ನು ಮೆತ್ತಿ ಒಣಗಿಸಿದ ಆ ಮಾಂಸಕ್ಕೆ ಅನಟೋಲಿಯದ ಕೈಸೇರಿ ನಗರ ಇಂದಿಗೂ ಪ್ರಸಿದ್ಧ. ಆಟೊಮನ್ ಆಳ್ವಿಕೆಯ ಮೂಲಕ ರೊಮೇನಿಯಾಕ್ಕೆ ಬಂದ ಈ ಕ್ರಮವನ್ನು ಅಲ್ಲಿನ ಯಹೂದಿಗಳು ಬಾತಿನ ಜಾತಿಯ ಹೆಬ್ಬಾತುಕೋಳಿಯ ಮಾಂಸಕ್ಕೆ ಬಳಸಿದರು. ಅಮೆರಿಕದಲ್ಲಿ ಹೆಬ್ಬಾತಿಗಿಂತ ದನದ ಮಾಂಸವೇ ಅಗ್ಗ. ಅದರಲ್ಲೂ ಯಾರೂ ಅಷ್ಟಾಗಿ ಬಯಸದ, ಕೊಬ್ಬು ಹೆಚ್ಚಿರುವ, ಗಟ್ಟಿಯಾದ ಹೊಟ್ಟೆಯ ಭಾಗ ಬಡವರ ಕೈಗೆಟುಕುತ್ತಿತ್ತು. ಆ ಅಗ್ಗದ ತುಂಡಿನಿಂದ ಹುಟ್ಟಿದ ಸ್ಯಾಂಡ್‌ವಿಚ್ಚಿಗೆ ಇಂದು 25 ಡಾಲರಿಗೂ ಮಿಗಿಲಾದ ಬೆಲೆ ಎಂಬುದನ್ನು ನನ್ನ ಚೀಟಿ ನೋಡಿ ನಾನೂ ಅರಗಿಸಿಕೊಳ್ಳಬೇಕಾಯಿತು.

ಬೆಲೆಯ ಬಹುಪಾಲು ಕಾಯುವಿಕೆಗೆ ಸಲ್ಲುತ್ತದೆ. ಇಲ್ಲಿ ಮಾಂಸವನ್ನು 30 ದಿನಗಳವರೆಗೂ ಉಪ್ಪಿನಲ್ಲಿ ಪಕ್ವಗೊಳಿಸುವುದಾಗಿ ಅಂಗಡಿಯವರು ಹೇಳುತ್ತಾರೆ. ಆಮೇಲೆ ಕೊತ್ತಂಬರಿ ಬೀಜ ಮತ್ತು ಕಾಳುಮೆಣಸಿನ ತರಿಯನ್ನು ಒತ್ತಿ ಹಚ್ಚಿ, ಹೊಗೆಯಲ್ಲಿಟ್ಟು, ಕೊನೆಗೆ ನಿಧಾನವಾಗಿ ಬೇಯಿಸುತ್ತಾರೆ. ಆ ಕಪ್ಪು ಪದರವನ್ನು ಮೂಸಿದರೆ, ಹೊಗೆಯ ಹಿಂದೆ ನಮ್ಮ ಮನೆಯ ಸಾರಿನ ಪುಡಿಯ ಪರಿಮಳವೇ ಇದೆ. ಒಳಗಿನ ಗುಲಾಬಿ ಬಣ್ಣ ಹಸಿತನದ್ದಲ್ಲ. ಹಿಂದೆ ಪೆಟ್ಲುಪ್ಪಿನಿಂದಲೂ ಈಗ ಸೋಡಿಯಂ ನೈಟ್ರೈಟಿನಿಂದಲೂ ಬರುವ ಆ ಬಣ್ಣ ಎಷ್ಟು ಬೇಯಿಸಿದರೂ ಮಾಸುವುದಿಲ್ಲ. ಅದೇ ಉಪ್ಪು ಬೊಟುಲಿಸಂ ಎಂಬ ಮಾರಕ ಕಾಯಿಲೆ ತರುವ ರೋಗಾಣುವನ್ನೂ ತಡೆಯುತ್ತದೆ. ಆ ಕಾಯಿಲೆಯ ಹೆಸರೇ ಸಾಸೇಜಿನ ಲ್ಯಾಟಿನ್ ಪದದಿಂದ ಬಂದದ್ದೆಂದರೆ, ಹಿಂದಿನವರಿಗೆ ಈ ಎಚ್ಚರಿಕೆ ಏಕೆ ಬೇಕಿತ್ತೆಂಬುದು ತಿಳಿಯುತ್ತದೆ. ಇದರ ಮತ್ತೊಂದು ಮುಖವನ್ನೂ ಮುಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಹೆಚ್ಚುತ್ತದೆಂದು ಅದು ಲೆಕ್ಕ ಹಾಕಿತ್ತು. ನನ್ನ ಪಾಲಿಗೆ ಇದು ವರ್ಷಕ್ಕೊಮ್ಮೆಯ ಊಟ.

ಈಗ ಕೈಚಳಕ ನೋಡಿ. ಕಟ್ಟರ್ ಎಂದು ಕರೆಯುವ ಈ ಕೆಲಸಗಾರ ಹಬೆಯಾಡುವ ತುಂಡನ್ನು ಹಲಗೆಯ ಮೇಲಿಟ್ಟು, ಎಳೆಗಳಿಗೆ ಅಡ್ಡವಾಗಿ ಕೈಯಿಂದಲೇ ಕತ್ತರಿಸುತ್ತಿದ್ದಾನೆ. ರಾಟರ್‌ಡ್ಯಾಮಿನ ಕಸಾಯಿಯೊಬ್ಬ, ವಾನ್ ಬರ್ಕೆಲ್, 1898ರಲ್ಲಿ ರೂಪಿಸಿದ ಸ್ಲೈಸಿಂಗ್ ಯಂತ್ರದ ವಂಶದವೇ ಇಂದು ಸೂಪರ್‌ಮಾರ್ಕೆಟ್ಟಿನ ಡೆಲಿ ಕೌಂಟರುಗಳಲ್ಲಿ ತಣ್ಣನೆಯ ಹ್ಯಾಮನ್ನೂ ಟರ್ಕಿ ಕೋಳಿಯನ್ನೂ ಕಾಗದದಷ್ಟು ತೆಳ್ಳಗೆ ಹೆರೆಯುತ್ತವೆ. ಬಿಸಿ ಪಸ್ಟ್ರಾಮಿಯನ್ನು ಅದಕ್ಕೆ ಕೊಟ್ಟರೆ ಪುಡಿಯಾಗಿ ಉದುರುತ್ತದೆ. ಅವನು ಮೊದಲ ಹೋಳನ್ನು ಪುಟ್ಟ ತಟ್ಟೆಯಲ್ಲಿಟ್ಟು, ರುಚಿ ನೋಡೆಂದು ನನ್ನತ್ತ ಸರಿಸಿದ. ಕೊಬ್ಬು ನಾಲಗೆಯ ಮೇಲೆ ಕರಗಿದ ಬಳಿಕ ಮೆಣಸಿನ ಖಾರ ಗಂಟಲಿನಲ್ಲಿ ಸ್ವಲ್ಪ ತಡವಾಗಿ ಏಳುತ್ತದೆ. ಜೊತೆಗಿದ್ದ ಸೌತೆ ಎಣ್ಣೆ, ಮೆಣಸಿನಪುಡಿ ಕಾಣದ, ಬರೀ ಉಪ್ಪುನೀರಿನಲ್ಲಿ ಹುಳಿಬಂದ ಕಾಯಿ. ಉಪ್ಪಿನಕಾಯಿ ಎಂಬ ನಮ್ಮ ಪದ ನಮ್ಮ ಭರಣಿಗಿಂತ ಅದಕ್ಕೇ ಹೆಚ್ಚು ಒಪ್ಪುತ್ತದೆ.

ಅರ್ಧ ಸ್ಯಾಂಡ್‌ವಿಚ್ಚಿಗೇ ಹೊಟ್ಟೆ ತುಂಬಿತು. ಫ್ರಿಜ್ಜಿನಲ್ಲಿ ರಾತ್ರಿ ಕಳೆದ ಉಳಿದರ್ಧದ ಕೊಬ್ಬು ಮೇಣದಂತೆ ಹೆಪ್ಪುಗಟ್ಟಿತ್ತು, ಮೈಕ್ರೊವೇವ್ ಮಾಂಸವನ್ನು ರಬ್ಬರಾಗಿಸುತ್ತದೆ. ಆದ್ದರಿಂದ ಬ್ರೆಡ್ಡನ್ನು ಬೇರೆ ತೆಗೆದಿಟ್ಟು, ಹೋಳುಗಳನ್ನು ಮಾತ್ರ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗಿಟ್ಟೆ. ಇಡ್ಲಿ ತಟ್ಟೆಗಳನ್ನು ಆಮೇಲೆ ಎರಡು ಬಾರಿ ತೊಳೆಯಬೇಕಾಯಿತು.