ದಾದಿಗಾಗಿ ಮುಷ್ಕರ, ವರ್ಗಾವಣೆಗಾಗಿ ಮನವಿ

ಕೇಳುಗರಿಗೆ ನಮಸ್ಕಾರ.

2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಷಿಕಾಗೋ ನಗರದ ಸರ್ಕಾರಿ ಶಾಲೆಗಳಲ್ಲಿ 11 ದಿನ ಪಾಠ ನಡೆಯಲಿಲ್ಲ. ಮುಷ್ಕರ ಹೂಡಿದ್ದು ಅಲ್ಲಿನ ಶಿಕ್ಷಕರ ಸಂಘ. ಸಂಬಳದ ಮಾತೂ ಇತ್ತು, ನಿಜ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬೇರೆ ಬೇಡಿಕೆ: ಪ್ರತಿ ಶಾಲೆಗೂ ಒಬ್ಬ ದಾದಿ, ಒಬ್ಬ ಸಮಾಜ ಕಾರ್ಯಕರ್ತರು ಬೇಕು. ಕೊನೆಗೆ ಅದು ಒಪ್ಪಂದದಲ್ಲಿ ಸೇರಿತು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರು ಯಾರು ಎಂದು ಕೇಳಿದ್ದು ಮೇಷ್ಟ್ರುಗಳ ಸಂಘ!

ಫಿನ್ಲೆಂಡಿನ ಶಿಕ್ಷಕರು ಬೀದಿಗಿಳಿಯುವುದು ಅಪರೂಪ. 1973ರಲ್ಲಿ ಹುಟ್ಟಿದ ಓಎಜೆ ಎಂಬ ಒಂದೇ ಸಂಘದಲ್ಲಿ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗಿನ ಬೋಧಕರಿದ್ದಾರೆ. ಪಠ್ಯಕ್ರಮ ಕರಡಿನಲ್ಲಿರುವಾಗಲೇ ಅವರ ಅಭಿಪ್ರಾಯ ಕೇಳುತ್ತಾರೆ.

ನಾನೂ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಸಂಘದವರ ಜೊತೆ ಮನವಿಪತ್ರ ಹಿಡಿದು ಶಿಕ್ಷಣಾಧಿಕಾರಿಗಳ ಕಚೇರಿಯ ಮುಂದೆ ನಿಂತಿದ್ದೇನೆ. ವರ್ಗಾವಣೆ, ಬಡ್ತಿ, ಹಳೆಯ ಪಿಂಚಣಿ. ಇವೇನೂ ಸಣ್ಣ ವಿಷಯಗಳಲ್ಲ. ಗಂಡ ಬೀದರಿನಲ್ಲಿ, ಹೆಂಡತಿ ಚಾಮರಾಜನಗರದಲ್ಲಿ ಇದ್ದರೆ ಪಾಠದ ಮೇಲೆ ಗಮನ ನಿಲ್ಲುವುದು ಹೇಗೆ? ಆದರೂ ಆ ಪತ್ರಗಳಲ್ಲಿ ಮಕ್ಕಳು ಏನು ಕಲಿಯಬೇಕು, ಹೇಗೆ ಕಲಿಯಬೇಕು ಎಂಬ ಸಾಲನ್ನು ನಾನು ಕಂಡದ್ದು ಕಡಿಮೆ. ಇದು ಇಂದಿಗೂ ನನ್ನನ್ನು ಕಾಡುತ್ತದೆ.

ತಪ್ಪು ಸಂಘದ್ದಷ್ಟೇ ಅಲ್ಲ. 75 ಸದಸ್ಯರ ನಮ್ಮ ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರಗಳಿಂದ 7 ಮಂದಿ ಆಯ್ಕೆಯಾಗುತ್ತಾರೆ. ಅಲ್ಲಿ ಮತ ಹಾಕಲು ಕನಿಷ್ಠ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿರಬೇಕು. ಅಕ್ಷರ ತಿದ್ದಿಸುವ ಪ್ರಾಥಮಿಕ ಶಿಕ್ಷಕರಿಗೆ ಆ ಮತವಿಲ್ಲ.

ಮಕ್ಕಳು ಹೇಗೆ ಕಲಿಯಬೇಕು ಎಂದು ಯೋಚಿಸುವುದು ಅವರ ಕೈಯಿಂದ ಆಗುವುದಿಲ್ಲ ಎನ್ನುವಂತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕಲಿಕೆಯನ್ನು ನೋಡಿ ಬಂದರು. ತಾವೇ ಕಲಿಕೆಯ ಕಾರ್ಡು ಬರೆದರು, ಹಾಡು ಕಟ್ಟಿದರು. ಹಾಗೆ ರೂಪುಗೊಂಡದ್ದು ನಲಿ-ಕಲಿ ಎಂಬ ಕಲಿಕೆಯ ಪದ್ಧತಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕುಳಿತಿರುತ್ತಾರೆ. ಕಲಿಕೆಯ ಒಂದು ಮೆಟ್ಟಿಲು ಮುಗಿಸಿದ ಹುಡುಗಿ ಎದ್ದು ಹೋಗಿ ಮುಂದಿನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತಾಳೆ. ಮೇಷ್ಟ್ರು ಹೇಳುವವರೆಗೂ ಕಾಯುವುದಿಲ್ಲ. ಆ ನೋಟವನ್ನು ಕಣ್ಣಾರೆ ಕಂಡವನು ನಾನು.

ಪಠ್ಯಕ್ರಮ ಸಮಿತಿಯಲ್ಲಿ ಅಂಥ ಶಿಕ್ಷಕರಿಗೆ ಜಾಗ ಕೇಳುವ ಒಂದು ಸಾಲು, ಸಂಘದ ಮುಂದಿನ ಮನವಿಪತ್ರದಲ್ಲಿ ವರ್ಗಾವಣೆಯ ಸಾಲಿನ ಪಕ್ಕದಲ್ಲೇ ಇರಲಿ ಎಂಬುದು ನನ್ನ ಆಸೆ.

ನಮಸ್ಕಾರ.