ಮ್ಯಾನೇಜರರ ತಿರುಗಾಟ

ಗಾಳಿಯ ಸದ್ದಿಗೆ ಕ್ಷಮಿಸಿ. ಕುಂಬಳೆ ದಾಟಿ ಮೊಗ್ರಾಲ್ ಕಡೆಗೆ ಸ್ಕೂಟರಿನಲ್ಲಿ ಹೋಗುವಾಗ ತೆಗೆದ ದೃಶ್ಯ ಇದು. ಬಲಗಡೆ ತೆಂಗಿನ ತೋಟಗಳ ಆಚೆ ಸಮುದ್ರವಿದೆ, ನಿಮಗೆ ಕಾಣುತ್ತಿಲ್ಲ. ಕಾಣುತ್ತಿರುವುದು ನನ್ನ ಭಾವನ ಬೆನ್ನು ಮಾತ್ರ. ಸ್ಕೂಟರ್ ಓಡಿಸುವವನು ಅವನು, ಅತ್ತೆಯ ಮಗ. ಹಾಕಿಕೊಂಡಿರುವುದು ಫುಟ್‌ಬಾಲ್ ತಂಡ ಕೇರಳ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿ. ಹಿಂದೆ ಕುಳಿತ ನಾನು ಬೆಂಗಳೂರು ಎಫ್‌ಸಿಯ ನೀಲಿಯವನು. ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ ಇತ್ಯರ್ಥವಾಗದೆ ಉಳಿದಿರುವ ಗಡಿವಿವಾದಗಳಲ್ಲಿ ಇದೂ ಒಂದು.

ನಾವು ಹೊರಟಿರುವುದು ಸೆವೆನ್ಸ್ ಫುಟ್‌ಬಾಲ್ ನೋಡಲು. ಒಂದು ತಂಡಕ್ಕೆ ಏಳೇ ಜನ, ಕೊಯ್ಲು ಮುಗಿದ ಗದ್ದೆ, ಸುತ್ತ ಅಡಿಕೆ ಮರದ ಗ್ಯಾಲರಿ, ರಾತ್ರಿ ದೀಪ. ದಾರಿಯುದ್ದಕ್ಕೂ ಭಾವನದು ಒಂದೇ ಪ್ರಶ್ನೆ: “ನಮ್ಮ ಕೋಚುಗಳು ಯಾಕೆ ಮಾರಾಯ ನಿಲ್ಲುವುದಿಲ್ಲ?” ಅವನ ನೋವಿಗೆ ಕಾರಣವಿದೆ. ಬ್ಲಾಸ್ಟರ್ಸ್ ಶುರುವಾದದ್ದು 2014ರಲ್ಲಿ. ಇವಾನ್ ವುಕೊಮನೊವಿಚ್ 2021ರಲ್ಲಿ ಬರುವವರೆಗೆ ಅಲ್ಲಿ ಯಾರೂ ಬೇರು ಬಿಡಲಿಲ್ಲ. ಇವಾನ್ ಮೂರು ಋತು ನಿಂತರು, ಮೊದಲ ವರ್ಷವೇ ತಂಡವನ್ನು ಫೈನಲ್‌ಗೆ ಒಯ್ದರು, 2024ರಲ್ಲಿ ಹೊರಟರು. ಆಮೇಲೆ ಬಂದ ಮೈಕೆಲ್ ಸ್ಟಾರೆಗೆ ಡಿಸೆಂಬರಿನಲ್ಲೇ ಬಾಗಿಲು ತೋರಿಸಿದರು, 12 ಲೀಗ್ ಪಂದ್ಯಗಳಲ್ಲಿ 7 ಸೋಲು. ನಗುವ ಹಕ್ಕು ನನಗೂ ಇಲ್ಲ. ನಮಗೆ 2019ರಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಕಪ್ ತಂದುಕೊಟ್ಟ ಕಾರ್ಲೆಸ್ ಕ್ವಾಡ್ರತ್ 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ಬೆನ್ನಿಗೇ ಹೊರಗೆ.

ನಾವು ಕೋಚ್ ಎನ್ನುತ್ತೇವೆ, ಇಂಗ್ಲೆಂಡಿನವರು ಮ್ಯಾನೇಜರ್ ಎನ್ನುತ್ತಾರೆ. ಹೆಸರು ಯಾವುದಾದರೇನು, ಗಂಟುಮೂಟೆ ಒಂದೇ.

ನನಗೆ ಈ ವಿಷಯ ಅರ್ಥವಾದದ್ದು ಟಿವಿ ನೋಡಿ ಅಲ್ಲ. ಕಳೆದ ವರ್ಷ ನಮ್ಮೂರಿನ ಸೆವೆನ್ಸ್ ತಂಡಕ್ಕೆ ನಾನೇ ಮ್ಯಾನೇಜರ್. ನಗಬೇಡಿ. ಜೆರ್ಸಿ ಒಗೆಸುವುದು, ನೀರಿನ ಬಾಟಲಿ ಎಣಿಸುವುದು, ನೋವಿನ ಸ್ಪ್ರೇ ಕಾಯುವುದು, ಯಾರು ಎಲ್ಲಿ ಆಡಬೇಕೆಂದು ಹೇಳುವುದು. ಕೊನೆಯದನ್ನು ಯಾರೂ ಕೇಳುತ್ತಿರಲಿಲ್ಲ. ಮೊದಲ ಪಂದ್ಯ ಗೆದ್ದೆವು. ಎದುರಾಳಿಯ ಚೆಂಡು ಎರಡು ಸಲ ಕಂಬಕ್ಕೆ ಬಡಿದು ವಾಪಸು ಬಂದಿತ್ತು, ಆದರೂ ಎಲ್ಲರೂ ನನ್ನ ಬೆನ್ನು ತಟ್ಟಿದರು. ಎರಡನೆಯ ಪಂದ್ಯ 0–3. ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್, ಮದುವೆ ಊಟ ಮುಗಿಸಿ ನೇರವಾಗಿ ಗದ್ದೆಗೆ ಇಳಿದಿದ್ದ. ಮೂರನೆಯ ಗೋಲಿನ ಹೊತ್ತಿಗೆ ಅವನಿಗೆ ಬಗ್ಗುವುದಕ್ಕೂ ಆಗುತ್ತಿರಲಿಲ್ಲ.

ರಾತ್ರಿ 11:40ಕ್ಕೆ ಕಮಿಟಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ: “ಮುಂದಿನ ಪಂದ್ಯಕ್ಕೆ ಮ್ಯಾನೇಜರ್ ಬೇರೆ ವ್ಯವಸ್ಥೆ ಮಾಡಲಾಗಿದೆ.” ಕೆಳಗೆ ಹದಿನಾಲ್ಕು ಹೆಬ್ಬೆರಳು.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಕಮಿಟಿಯ ಜಾಗದಲ್ಲಿ ನಿಂತು ನೋಡಿ. ಗೋಲಿಯನ್ನು ತೆಗೆಯೋಣವೆಂದರೆ ಅವನು ಖಜಾಂಚಿಯ ಸೋದರಳಿಯ. ಮುಂದೆ ಆಡುವವನನ್ನು ಕೂರಿಸೋಣವೆಂದರೆ ತಂಡ ಬಂದದ್ದೇ ಅವನ ಜೀಪಿನಲ್ಲಿ, ಮನೆಗೆ ಹೋಗುವುದು ಹೇಗೆ? ಜೆರ್ಸಿಗೆ ದುಡ್ಡು ಕೊಟ್ಟವರನ್ನು ಪ್ರಶ್ನಿಸುವ ಹಾಗಿಲ್ಲ. ಜನ ಏನಾದರೂ ಬದಲಾಗಲೇಬೇಕೆಂದು ಕೂಗುತ್ತಿದ್ದಾರೆ. ಹಾಗಾದರೆ ರಾತ್ರೋರಾತ್ರಿ ಬದಲಿಸಬಹುದಾದ ವಸ್ತು ಯಾವುದು? ನಾನು.

ದೊಡ್ಡ ಕ್ಲಬ್ಬುಗಳ ಕಥೆಯಲ್ಲಿ ಸೊನ್ನೆಗಳು ಹೆಚ್ಚು, ಅಷ್ಟೇ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ತಂಡವೊಂದರ ಪಟ್ಟಿಯಲ್ಲಿ 25 ಆಟಗಾರರು, ಎಲ್ಲರಿಗೂ ವರ್ಷಗಟ್ಟಲೆಯ ಒಪ್ಪಂದ. ಆಟಗಾರರ ಕೊಳ್ಳುವಿಕೆಗೆ ಬೇಸಿಗೆಯ ಕೊನೆಗೆ ಮುಚ್ಚಿದ ಬಾಗಿಲು ತೆರೆಯುವುದು ಜನವರಿಯಲ್ಲೇ. ನವೆಂಬರಿನಲ್ಲಿ ತಂಡ ಮುಗ್ಗರಿಸಿದರೆ ಮಾಲೀಕ ತನ್ನನ್ನು ತಾನು ವಜಾ ಮಾಡಿಕೊಳ್ಳುತ್ತಾನೆಯೇ? ಮೇಲಾಗಿ 20 ತಂಡಗಳಲ್ಲಿ 3 ಕೆಳಗಿನ ದರ್ಜೆಗೆ ಬೀಳುತ್ತವೆ. ಕೊನೆಯ ಸ್ಥಾನದ ತಂಡಕ್ಕೂ ಲೀಗಿನಿಂದ ವರ್ಷಕ್ಕೆ ಹತ್ತು ಕೋಟಿ ಪೌಂಡ್‌ಗಿಂತ ಹೆಚ್ಚು ಬರುತ್ತದೆ, ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ. ಅದು ಕೈತಪ್ಪುವ ಭಯದ ಮುಂದೆ ಮ್ಯಾನೇಜರನಿಗೆ ಕೊಡುವ ಪರಿಹಾರ ಚಿಲ್ಲರೆ ಕಾಸು.

ಲೆಸ್ಟರ್ ಸಿಟಿಯನ್ನು ನೋಡಿ. ಈ ಒಂದು ಕಥೆಯನ್ನು ನಾನು ಭಾವನಿಗೆ ಎಷ್ಟು ಸಲ ಹೇಳಿದ್ದೇನೋ. 2015–16ರಲ್ಲಿ ಅವರು ಪ್ರೀಮಿಯರ್ ಲೀಗ್ ಗೆಲ್ಲುತ್ತಾರೆಂದು ಒಂದು ಪೌಂಡ್ ಕಟ್ಟಿದವರಿಗೆ ಐದು ಸಾವಿರ ಸಿಗುತ್ತಿತ್ತು, ಅಷ್ಟು ಅಸಂಭವ. ಮ್ಯಾನೇಜರ್ ಕ್ಲಾಡಿಯೊ ರನಿಯೇರಿ ಆ ಲೀಗ್ ಗೆದ್ದುಕೊಟ್ಟರು. ಹತ್ತು ತಿಂಗಳಾಗುವಷ್ಟರಲ್ಲಿ, 2017ರ ಫೆಬ್ರುವರಿಯಲ್ಲಿ, ಅವರನ್ನು ತೆಗೆದರು. ತಂಡ ಬೀಳುವ ವಲಯಕ್ಕಿಂತ ಒಂದೇ ಒಂದು ಅಂಕ ಮೇಲಿತ್ತು. ಜಾಗಕ್ಕೆ ಬಂದವರು ಅವರದೇ ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್. ಆಟಗಾರರು ಅವರೇ, ಮೈದಾನ ಅದೇ. ಮೊದಲ ಪಂದ್ಯದಲ್ಲಿ ಲಿವರ್‌ಪೂಲ್ ವಿರುದ್ಧ 3–1, ಸಾಲಾಗಿ ಐದು ಲೀಗ್ ಗೆಲುವು. ನೋಡಿ, ಬದಲಾವಣೆ ಫಲಿಸಿತು ಎಂದರು ಎಲ್ಲರೂ. ಅದೇ ವರ್ಷ ಅಕ್ಟೋಬರಿನಲ್ಲಿ ಶೇಕ್ಸ್‌ಪಿಯರ್ ಕೂಡ ಹೊರಗೆ.

ನಮ್ಮೂರಿನಲ್ಲೂ ಹಾಗೆಯೇ ಆಯಿತು. ನನ್ನ ನಂತರದ ಪಂದ್ಯವನ್ನು 1–0ರಿಂದ ಗೆದ್ದರು. ಅದೇ ಏಳು ಜನ, ಅದೇ ಗೋಲಿ. ಆ ವಾರ ಅವನಿಗೆ ಯಾರ ಮದುವೆಯೂ ಇರಲಿಲ್ಲ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಲೆಕ್ಕ ತೆಗೆದು ನೋಡಿದ್ದಾರೆ. ಮ್ಯಾನೇಜರನನ್ನು ಬದಲಿಸಿದ ತಂಡಗಳು ಚೇತರಿಸಿಕೊಂಡವು, ನಿಜ. ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದೂ ಬದಲಿಸದ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ಗ್ರಹಚಾರ ಕೆಟ್ಟಾಗ ತೆಗೆಯುತ್ತಾರೆ, ಗ್ರಹಚಾರ ತಾನಾಗಿ ಸರಿಹೋಗುತ್ತದೆ, ಹೊಸಬನಿಗೆ ಹಾರ. ಈ ಲೆಕ್ಕವನ್ನು ಕಮಿಟಿಯ ಗುಂಪಿಗೂ ಕಳುಹಿಸಿದ್ದೆ. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ.

ಗೆದ್ದರೂ ಉಳಿಸುತ್ತಾರೆಂಬ ಭರವಸೆ ಇಲ್ಲ. ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಬೇಕು, ಘಟ್ಟದ ಮೇಲಿನ ವೀಕ್ಷಕರಿಗಾಗಿ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಯಾವ ಕಲಾವಿದರು ಯಾವ ಮೇಳ ಬಿಟ್ಟು ಯಾವ ಮೇಳಕ್ಕೆ ಎಂಬ ಸುದ್ದಿ ಹುಟ್ಟುವುದು ಆಗಲೇ. ಯುರೋಪಿನ ಫುಟ್‌ಬಾಲಿನ ಪತ್ತನಾಜೆಯೂ ಅದೇ ವಾರ! 2016ರ ಮೇ 21ರಂದು ಲೂಯಿ ವಾನ್ ಗಾಲ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಎಫ್‌ಎ ಕಪ್ ಗೆದ್ದರು, 23ಕ್ಕೆ ಕೆಲಸ ಹೋಯಿತು. 2025ರ ಮೇ 21ರಂದು ಆ್ಯಂಜ್ ಪೋಸ್ಟೆಕೊಗ್ಲು ಟಾಟನ್‌ಹ್ಯಾಮ್‌ಗೆ ಯುರೋಪಾ ಲೀಗ್ ಗೆದ್ದರು, ಹದಿನಾರು ದಿನಕ್ಕೆ ಹೊರಗೆ. ಲೀಗಿನಲ್ಲಿ 17ನೇ ಸ್ಥಾನ ಎಂಬುದು ಕಾರಣ. ಆಮೇಲೆ ಅವರು ಸೇರಿದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ 39 ದಿನ. ನಮ್ಮ ಮೇಳಗಳೇ ವಾಸಿ, ಒಂದು ತಿರುಗಾಟವನ್ನಾದರೂ ಪೂರ್ತಿ ಮಾಡಲು ಬಿಡುತ್ತವೆ.

ತಾವಾಗಿಯೇ ಹೋಗುವವರೂ ಇದ್ದಾರೆ. ಶಕ್ತಿ ಬತ್ತುತ್ತಿದೆ ಎಂದು ಯುರ್ಗನ್ ಕ್ಲಾಪ್ 2024ರಲ್ಲಿ ಲಿವರ್‌ಪೂಲ್ ಬಿಟ್ಟರು, ಒಂಬತ್ತು ವರ್ಷ ಆಗುತ್ತ ಬಂದಿತ್ತು. ಇನ್ನು ಕೆಲವರನ್ನು ಚೆನ್ನಾಗಿ ಮಾಡಿದ್ದಕ್ಕೇ ದೊಡ್ಡ ಕ್ಲಬ್ ಎತ್ತಿಕೊಂಡು ಹೋಗುತ್ತದೆ. ಬ್ರೈಟನ್‌ನಲ್ಲಿ ನೆಮ್ಮದಿಯಾಗಿದ್ದ ಗ್ರಹಾಂ ಪಾಟರ್ ಚೆಲ್ಸಿಗೆ ಹೋಗಿ ಏಳು ತಿಂಗಳೂ ಪೂರೈಸಲಿಲ್ಲ.

ಈಗ ಗದ್ದೆಗೆ ಬಂದೆವು. ಗೇಟಿನ ಬಳಿ ಚಹಾ ಕೊಡುವ ಕಾಕ ನನ್ನ ಮಾತನ್ನೆಲ್ಲ ಕೇಳಿ, “ಹಾಗಾದರೆ ಫರ್ಗುಸನ್?” ಎಂದು ಒಂದೇ ಏಟು ಕೊಟ್ಟರು. ಸರಿಯಾದ ಪ್ರಶ್ನೆ. ಅಲೆಕ್ಸ್ ಫರ್ಗುಸನ್ 1986ರಿಂದ 2013ರವರೆಗೆ ಯುನೈಟೆಡ್‌ನಲ್ಲಿದ್ದರು. ಆದರೆ ಕಾಕ, ಅವರ ಮೊದಲ ಕಪ್ ಬಂದದ್ದು 1990ರಲ್ಲಿ. ಅದಕ್ಕೆ ಮೊದಲು ಹೋಗಿಬನ್ನಿ ಎಂಬ ಬ್ಯಾನರನ್ನು ಗ್ಯಾಲರಿಯಲ್ಲಿ ಹಿಡಿದಿದ್ದರು. ಅವತ್ತಿನ ಆಡಳಿತ ಕಾದಿತು. ಅವರ ನಂತರದ ಡೇವಿಡ್ ಮೋಯ್ಸ್‌ಗೆ ಆರು ವರ್ಷದ ಒಪ್ಪಂದ ಕೊಟ್ಟ ಆಡಳಿತ ಹತ್ತು ತಿಂಗಳೂ ಕಾಯಲಿಲ್ಲ. ಕಾಕ ಗ್ಲಾಸು ತೊಳೆಯುತ್ತ, “ನಮ್ಮ ಹುಡುಗರು ನಿನಗೆ ಎರಡು ಪಂದ್ಯ ಕೊಟ್ಟರಲ್ಲ, ಅದೂ ದೊಡ್ಡದೇ” ಎಂದರು.

ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸುತ್ತೇನೆ. ಮುಖಕ್ಕೆ ಕೈ ಅಡ್ಡ ಹಿಡಿದು ಕಡಲೆ ತಿನ್ನುತ್ತಿರುವವನು ನನ್ನ ನಂತರ ಬಂದ ಮ್ಯಾನೇಜರ್. ಹೋದ ವಾರ ಅವನಿಗೂ ಸಂದೇಶ ಬಂತು. ಅಗೋ, ಗೆರೆಯ ಆಚೆ ನೀರಿನ ಬಾಟಲಿ ಎಣಿಸುತ್ತಿರುವವನು ಮೂರನೆಯವನು. ಎರಡು ಕಡಿಮೆ ಇರಬೇಕು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದಾನೆ.